ಸೂರು ತೆಗೆದರೆ ಮನೆ ಸರಳವಾಗುತ್ತದೆಯೇ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ತಲೆಯಲ್ಲಿ ನಮ್ಮದು ಹಳೆಯ ಹಂಚಿನ ಮನೆ. ಬರುವ ಮಳೆಗಾಲ ಕಳೆದ ಮೇಲೆ ಅದನ್ನು ಬಿಚ್ಚಿ ಹೊಸತು ಕಟ್ಟಬೇಕೆಂದಿದ್ದೇವೆ. ಬೆಂಗಳೂರಿನಲ್ಲಿರುವ ಮಗ ನಕ್ಷೆ ಮಾಡಿಸಿ ಕಳಿಸಿದ್ದಾನೆ. ಚಪ್ಪಟೆ ತಾರಸಿ, ಗೋಡೆಯಿಂದ ಹೊರಗೆ ಚಾಚುವ ಸೂರು ಇಲ್ಲ, ಒಳಗೂ ಹೊರಗೂ ಬಿಳಿ ಗೋಡೆ, ಹಿಡಿ ಇಲ್ಲದ ಕಪಾಟು, ಪೈಪು ವಯರು ಎಲ್ಲ ಗೋಡೆಯೊಳಗೆ. ಇದೇ ಸರಳತೆ ಅನ್ನುತ್ತಾನೆ. ನಮ್ಮ ಮಾವನವರು ಹಳೆಯ ಮನೆಗಿಂತ ಸರಳ ಯಾವುದಿದೆ ಅನ್ನುತ್ತಾರೆ. ಆ ಮನೆಯನ್ನು ಮದುವೆಯಾಗಿ ಬಂದಂದಿನಿಂದ ಗುಡಿಸಿ ಒರೆಸಿದ ನನಗೆ ಎರಡೂ ಸರಳ ಅಂತ ಕಾಣುವುದಿಲ್ಲ. ಏನನ್ನು ನೋಡಿ ಒಂದನ್ನು ಸರಳ ಅನ್ನಬೇಕು? ಇನ್ನೊಂದು, ಸಾಮಾನು ಕಡಿಮೆ ಮಾಡಿದರೆ ಬದುಕು ಸರಳವಾಗುತ್ತದೆ ಅನ್ನುತ್ತಾರಲ್ಲ, ಅದು ಹೌದೇ?

ಉತ್ತರ: ನಿಮ್ಮ ಮೂವರಲ್ಲಿ ಮನೆಯನ್ನು ಸರಿಯಾದ ಜಾಗದಿಂದ ನೋಡಿದವರು ನೀವೇ, ಕೈಯಲ್ಲಿ ಹಿಡಿಸೂಡಿ ಹಿಡಿದುಕೊಂಡು. ಒಂದು ವಸ್ತು ಸರಳವೋ ಅಲ್ಲವೋ ಎಂದು ಅದರ ಫೋಟೋ ನೋಡಿ ಹೇಳಲಿಕ್ಕಾಗುವುದಿಲ್ಲ. ಬಳಸುವವರು ಹೇಳಬೇಕು, ತೊಳೆಯುವವರು ಹೇಳಬೇಕು, ಕೆಟ್ಟ ದಿನ ಅದನ್ನು ಬಿಚ್ಚುವವರು ಹೇಳಬೇಕು. ನನ್ನ ಉತ್ತರ ಇಷ್ಟೇ. ಆದರೆ ಮನೆ ಕಟ್ಟಲು ಹೊರಟವರಿಗೆ ಇಷ್ಟು ಹೇಳಿ ಕೈತೊಳೆದುಕೊಂಡರೆ ಆಗದು, ವಿವರ ಬೇಕು.

ಮಾಡಿನಿಂದಲೇ, ಅಂದರೆ ಛಾವಣಿಯಿಂದಲೇ ಸುರು ಮಾಡುತ್ತೇನೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅದೂ ನೆಟ್ಟಗೆ ಬೀಳುವ ಮಳೆಯಲ್ಲ, ನೈಋತ್ಯದಿಂದ ಗಾಳಿಯ ಜೊತೆ ಓರೆಯಾಗಿ ಬಂದು ಗೋಡೆಗೆ ಎರಚುವ ಮಳೆ. ನಮ್ಮ ಗೋಡೆಯೋ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನದು. ನೆಲದಡಿಯಲ್ಲಿದ್ದಾಗ ಕತ್ತಿಯಲ್ಲಿ ಕೆತ್ತುವಷ್ಟು ಮೆತ್ತಗೆ, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿ. ಎಷ್ಟು ಗಟ್ಟಿಯಾದರೂ ಮೈತುಂಬ ತೂತಿರುವ ಕಲ್ಲು, ನೀರು ಹೀರುವ ಗುಣ ಬಿಡುವುದಿಲ್ಲ. ಈ ಕಲ್ಲಿನ ಗೋಡೆಗೆ ಎರಡೂವರೆ ಮೂರು ಅಡಿ ಸೂರು ಇಳಿಸಿದವರು ಚಂದಕ್ಕೆ ಇಳಿಸಿದ್ದಲ್ಲ.

ಈಗ ಆ ಸೂರನ್ನು ನಕ್ಷೆಯಲ್ಲಿ ಅಳಿಸಿ ನೋಡಿ. ಚಿತ್ರ ಚೊಕ್ಕವಾಯಿತು. ಗೋಡೆಗೆ ಮಳೆ ನೇರ ಬಡಿಯುವುದರಿಂದ ಹೊರಗೆ ಸಿಮೆಂಟಿನ ಸಾರಣೆ ಬೇಕು, ಅದರ ಮೇಲೆ ನೀರು ತಡೆಯುವ ಬಣ್ಣ ಬೇಕು, ಕೆಲವು ವರ್ಷಕ್ಕೊಮ್ಮೆ ಆ ಬಣ್ಣವನ್ನು ಮತ್ತೆ ಬಳಿಯಬೇಕು. ಮಳೆಗಾಲದಲ್ಲಿ ಕಿಟಕಿ ತೆರೆದಿಡುವ ಹಾಗಿಲ್ಲ, ಆದ್ದರಿಂದ ಗಾಜು, ಗಾಜಿನ ಅಂಚಿಗೆ ಸಿಲಿಕೋನು. ಗಾಳಿ ಆಡದ ಕೋಣೆಗೆ ಫ್ಯಾನು ಸಾಲದೆ ಏಸಿ ಬರುತ್ತದೆ. ಏಸಿಯ ಹೊರಗಿನ ಪೆಟ್ಟಿಗೆಯನ್ನು ನಿಮ್ಮ ಮಗನ ಬಿಳಿ ಗೋಡೆಯಲ್ಲಿ ಎಲ್ಲಿ ಅಡಗಿಸುವುದು ಎಂದು ಇನ್ನೊಂದು ನಕ್ಷೆ ಬರೆಸಬೇಕಾಗುತ್ತದೆ. ಕಾಗದದಿಂದ ಅಳಿಸಿದ್ದು ಒಂದು, ಮನೆಗೆ ಬಂದು ಸೇರಿದ್ದು ಇಷ್ಟು.

ಚಪ್ಪಟೆ ತಾರಸಿಯ ಕತೆ ಊರಿಗೇ ಗೊತ್ತು. ಮುಳ್ಳೇರಿಯದಿಂದ ಕುಂಬಳೆಗೆ ಹೋಗುವಾಗ ರಸ್ತೆಯ ಎರಡೂ ಬದಿ ನೋಡಿಕೊಂಡು ಹೋಗಿ. ತಾರಸಿ ಮನೆಯ ತಲೆಯ ಮೇಲೆ ಕಬ್ಬಿಣದ ಕಂಬ ಎದ್ದು, ಅದರ ಮೇಲೆ ಶೀಟು ಕೂತಿರುತ್ತದೆ. ಒಂದು ಮನೆ, ಎರಡು ಮಾಡು. ಇಳಿಜಾರು ಹಳತಾಯಿತೆಂದು ಬಿಟ್ಟವರೇ ಅದನ್ನು ತಗಡಿನಲ್ಲಿ ಮತ್ತೆ ಕೊಂಡುಕೊಂಡಿದ್ದಾರೆ. ಹಾಗೆಂದು ಆ ಶೀಟಿನಡಿಯ ಜಾಗವನ್ನು ನಾನು ಗೇಲಿ ಮಾಡಲಾರೆ. ಅಲ್ಲಿ ಅಡಿಕೆ ಒಣಗುತ್ತದೆ, ಜೋರು ಮಳೆಯ ಆಟಿ ತಿಂಗಳಲ್ಲೂ ಬಟ್ಟೆ ಒಣಗುತ್ತದೆ, ಮನೆಯಲ್ಲಿ ಜೆಂಬಾರ, ಅಂದರೆ ಸಮಾರಂಭವಾದರೆ ಊಟಕ್ಕೆ ಎಲೆ ಹಾಕಬಹುದು. ಅಷ್ಟು ಬೇಕಾದ ಜಾಗ ಅದಾದರೆ ಮೊದಲ ದಿನದ ನಕ್ಷೆಯಲ್ಲೇ ಇರಲಿ, ಐದು ವರ್ಷದ ಮೇಲೆ ವೆಲ್ಡಿಂಗಿನವನನ್ನು ಕರೆದು ಬರೆಸುವುದೇಕೆ?

ನಿಮ್ಮ ಮಗ ಕಳಿಸಿದ ಬಿಳಿ ಪೆಟ್ಟಿಗೆ ಮನೆಗೂ ಒಂದು ವಂಶಾವಳಿ ಇದೆ. ಪ್ಯಾರಿಸಿನ ಹೊರಗೆ ಪ್ವಾಸಿ ಎಂಬ ಊರಿನಲ್ಲಿ ಲ ಕಾರ್ಬೂಸಿಯೇ ಕಟ್ಟಿದ ವಿಲ್ಲಾ ಸವೋಯ್ 1931ರಲ್ಲಿ ಮುಗಿಯಿತು. ಬಿಳಿ ಗೋಡೆ, ಚಪ್ಪಟೆ ತಾರಸಿ, ಉದ್ದನೆಯ ಕಿಟಕಿಪಟ್ಟಿ. ವಾಸ್ತುಶಿಲ್ಪ ಕಲಿಯುವ ಪ್ರತಿಯೊಬ್ಬರೂ ಅದರ ಚಿತ್ರ ನೋಡಿರುತ್ತಾರೆ. ಅದರೊಳಗೆ ಇದ್ದ ಮನೆಯೊಡತಿ ಮಾತ್ರ ಮಳೆ ಸೋರುತ್ತದೆ, ಕೋಣೆ ಒದ್ದೆಯಾಗುತ್ತದೆ ಎಂದು ವಾಸ್ತುಶಿಲ್ಪಿಗೆ ಮೇಲಿಂದ ಮೇಲೆ ಪತ್ರ ಬರೆಯಬೇಕಾಯಿತು. ಪ್ಯಾರಿಸಿನ ಮಳೆ ವರ್ಷಕ್ಕೆ 650 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಒಂದು ಒಳ್ಳೆಯ ಜುಲೈ ತಿಂಗಳು ಅದನ್ನು ದಾಟಿಬಿಡುತ್ತದೆ.

ಚಪ್ಪಟೆ ಮಾಡು ಎಲ್ಲ ಕಡೆಯೂ ತಪ್ಪು ಅಂತಲ್ಲ. ಬಿಜಾಪುರ, ಬಳ್ಳಾರಿ ಕಡೆಯ ಮಣ್ಣಿನ ಮಾಳಿಗೆ ಮನೆಗಳು ಆ ಊರಿನ ಬಿಸಿಲಿಗೆ, ಆ ಊರಿನ ಅಷ್ಟಿಷ್ಟು ಮಳೆಗೆ ಸರಳವಾದ ಉತ್ತರ. ನೆಲದ ಮೇಲೆ ಕಾಲಿಡದ ಸರಳತೆ ಎಂಬುದನ್ನು ನಾನು ಈವರೆಗೆ ಕಂಡಿಲ್ಲ.

ನಿಮಗೆ ಒಂದು ಅನುಕೂಲವಿದೆ, ಮಳೆಗಾಲ ಇನ್ನೂ ಮುಂದಿದೆ. ಹಳೆಯ ಮನೆಯನ್ನು ಈ ನಾಲ್ಕು ತಿಂಗಳು ಪರೀಕ್ಷಾಲಯ ಮಾಡಿಕೊಳ್ಳಿ. ಜೋರು ಗಾಳಿಮಳೆಯ ದಿನ ನಾಲ್ಕೂ ಸುತ್ತಿನ ಗೋಡೆಗೆ ಎರಚಲು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಇದ್ದಲಿನಲ್ಲಿ ಗೆರೆ ಎಳೆದಿಡಿ. ಯಾವ ಕಿಟಕಿಯನ್ನು ಮಳೆಯಲ್ಲೂ ತೆರೆದಿಡಲು ಆಗುತ್ತದೆ, ಜಗಲಿಯಲ್ಲಿ ಎಲ್ಲಿಯವರೆಗೆ ಕುರ್ಚಿ ಒದ್ದೆಯಾಗುವುದಿಲ್ಲ, ಇವನ್ನೂ ಬರೆದಿಡಿ. ಸೂರು ಎಷ್ಟು ಉದ್ದ ಬೇಕು ಎಂದು ಆ ಗೆರೆಗಳು ಹೇಳುತ್ತವೆ. ಬೆಂಗಳೂರಿನಲ್ಲಿ ಕೂತು ನಕ್ಷೆ ಬರೆದವರ ಹತ್ತಿರ ಈ ಅಳತೆ ಇರಲು ಸಾಧ್ಯವೇ ಇಲ್ಲ.

ಈಗ ನಿಮ್ಮ ಮೂಲ ಪ್ರಶ್ನೆ, ಏನನ್ನು ನೋಡಿ ಸರಳ ಅನ್ನುವುದು ಎಂಬುದು. ಕಂಪ್ಯೂಟರ್ ವಿನ್ಯಾಸದಲ್ಲಿ ದೊಡ್ಡ ಹೆಸರಾದ ಲ್ಯಾರಿ ಟೆಸ್ಲರ್ 1980ರ ದಶಕದಲ್ಲಿ ಒಂದು ಮಾತು ಹೇಳಿದ್ದರು. ನಾವು ಮೊಬೈಲಿನಲ್ಲಿ ದಿನಾ ಮಾಡುವ ಕಟ್, ಕಾಪಿ, ಪೇಸ್ಟ್ ಅವರ ಕೆಲಸದಿಂದ ಬಂದದ್ದು. ಯಾವ ಕೆಲಸಕ್ಕೂ ಒಂದಿಷ್ಟು ತೊಡಕು ಇದ್ದೇ ಇರುತ್ತದೆ, ಅದನ್ನು ಇಲ್ಲವಾಗಿಸಲು ಬರುವುದಿಲ್ಲ, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಬಹುದು ಅಷ್ಟೇ ಎಂಬುದು ಅದರ ಸಾರ. ಗೂಡಂಗಡಿಯ ಕ್ಯೂಆರ್ ಚೀಟಿಗೆ ಮೊಬೈಲು ಹಿಡಿದರೆ ಹಣ ಹೋಗುತ್ತದೆ. ನಿಮಗೆ ಅದು ಸರಳ, ಏಕೆಂದರೆ ಬ್ಯಾಂಕುಗಳ ನಡುವಿನ ಲೆಕ್ಕದ ಜಂಜಾಟವನ್ನು ಬೇರೆ ಯಾರೋ ಹೊತ್ತಿದ್ದಾರೆ.

ಇದನ್ನು ಕಾಸರಗೋಡಿನವರಿಗೆ ತಿಳಿಸಲು ಕಂಪ್ಯೂಟರೂ ಬೇಡ. ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳನ್ನು ನೋಡಿ. ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗಿ ಪಿಕ್ಕಾಸು ಬೀಸುವಷ್ಟೇ ಅಗಲಕ್ಕೆ ಕೊರೆದ ಬಿಲ. ಕೊನೆಯಲ್ಲಿ ಒರತೆ ಸಿಕ್ಕರೆ ನೀರು ತಾನಾಗಿ ಹೊರಗೆ ಹರಿಯುತ್ತದೆ, ನೆಲವನ್ನು ಬಾಯಿಯ ಕಡೆಗೆ ತುಸು ಇಳಿಜಾರು ಬಿಟ್ಟಿರುತ್ತಾರೆ. ಪಂಪು ಬೇಡ, ಕರಂಟು ಬೇಡ. ಮೊದಲೆಲ್ಲ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳದವರೆಗೆ ನೀರು ತರುತ್ತಿದ್ದರು. ನೀರು ಹಿಡಿಯುವ ಮನೆಯವರಿಗೆ ಇದಕ್ಕಿಂತ ಸರಳ ವ್ಯವಸ್ಥೆ ಭೂಮಿಯ ಮೇಲಿಲ್ಲ. ಆದರೆ ತೋಡಿದವನನ್ನು ಕೇಳಿ. ಎಲ್ಲಿ ಒರತೆ ಇರಬಹುದೆಂದು ಗುಡ್ಡದ ಮೇಲಿನ ಗಿಡಮರ ನೋಡಿ ಅಂದಾಜಿಸಬೇಕು. ಮಣ್ಣು ಗಟ್ಟಿಯೇ, ಕುಸಿಯುತ್ತದೆಯೇ ಎಂದು ಪಿಕ್ಕಾಸಿನ ಸದ್ದಿನಲ್ಲೇ ತಿಳಿಯಬೇಕು. ಒಳಗೆ ಮೊಂಬತ್ತಿ ಉರಿಸಿಟ್ಟುಕೊಂಡು, ಅದು ಮಂಕಾದರೆ ಗಾಳಿ ಸಾಲದೆಂದು ಹೊರಗೆ ಬರಬೇಕು. ಅಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ನೀರು ಸಿಗುವುದಿಲ್ಲ. ತೊಡಕೆಲ್ಲವನ್ನೂ ಒಬ್ಬ ಜಾಣ ಒಂದು ಬಾರಿ ಹೊತ್ತ, ಆಮೇಲೆ ಎರಡು ತಲೆಮಾರು ಹಗುರಾಯಿತು.

ಕೊಳವೆಬಾವಿ ಇದರ ತಿರುಗುಮುರುಗು. ಸ್ವಿಚ್ಚು ಒತ್ತಿದರೆ ನೀರು, ಇದೂ ಸರಳವೇ. ಮೋಟಾರು ಸುಟ್ಟ ದಿನ ಪೈಪು ಎತ್ತುವ ಗಾಡಿ ಬರಬೇಕು, ಒಂದು ಫೇಸು ಹೋದ ದಿನ ತೋಟ ನೋಡುತ್ತಾ ಕೂರಬೇಕು. ಇಲ್ಲಿ ತೊಡಕು ದೂರ ಎಲ್ಲೋ ಇದೆ, ಯಾವಾಗ ಬರುತ್ತದೆಂದು ನಿಮ್ಮ ಕೈಯಲ್ಲಿಲ್ಲ. ಸುರಂಗಕ್ಕೂ ಅದರದೇ ಉಪದ್ರ ಇದೆ. ರಾತ್ರಿಯಿಡೀ ಹರಿಯುವ ನೀರಿಗೆ ಕೆರೆಯೋ ಟ್ಯಾಂಕೋ ಇಲ್ಲದಿದ್ದರೆ ಪೋಲು, ಬೇಸಗೆಯಲ್ಲಿ ಧಾರೆ ಸಣ್ಣದಾಗುತ್ತದೆ. ಆದರೂ ಅದು ಕೆಟ್ಟರೆ ಮನೆಯವರು ಗುದ್ದಲಿ ಹಿಡಿದು ಒಳಗೆ ಹೋಗಿ ಮಣ್ಣು ಎಳೆಯಬಹುದು. ಕೆಟ್ಟ ದಿನ ಯಾರನ್ನು ಕರೆಯಬೇಕು, ಅವರು ಎಷ್ಟು ದೂರ ಇದ್ದಾರೆ, ಇದನ್ನು ಕೇಳಿದರೆ ಎರಡು ಸರಳತೆಗಳ ವ್ಯತ್ಯಾಸ ಗೊತ್ತಾಗುತ್ತದೆ.

ಮನೆಯ ಹೊರಗೂ ಇದೇ ಲೆಕ್ಕ. ಒಂದೇ ಭಾಷೆಯಲ್ಲಿ ಅಚ್ಚಾದ ಅರ್ಜಿ ನೋಡಲು ಚೊಕ್ಕ, ಅಚ್ಚು ಹಾಕಿಸುವವರಿಗೆ ಸುಲಭ. ಕೇರಳದಲ್ಲಿ ಕನ್ನಡ, ತಮಿಳು ಭಾಷಾ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಕಾನೂನಿನಲ್ಲಿ ಅವಕಾಶವಿದ್ದರೂ, ಮಲಯಾಳ ಓದಲು ಬಾರದ ಅಜ್ಜಿಯೊಬ್ಬರು ಪಿಂಚಣಿ ಕಾಗದ ಹಿಡಿದು ಸರ್ಕಾರಿ ಅರ್ಜಿಗಳ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಯಾರಾದರೂ ಓದಿ ಹೇಳುತ್ತಾರೋ ಎಂದು ಕಾಯುವುದನ್ನು ನಾವೆಲ್ಲ ನೋಡಿದ್ದೇವೆ. ಅಚ್ಚಿನಲ್ಲಿ ಉಳಿಸಿದ ನಾಲ್ಕು ಸಾಲಿನ ಭಾರ ಆಕೆಯ ಮೇಲೆ ಬಿತ್ತು. ಮೂರು ಲಿಪಿಯ ಬೋರ್ಡು ಗಿಜಿಗಿಜಿ ಕಾಣುತ್ತದೆ ಎಂದು ಗ್ರಾಫಿಕ್ ಕಲಿತ ಹುಡುಗರು ಮೂಗು ಮುರಿಯುತ್ತಾರೆ. ಬಸ್ಸಿಗೆ ಓಡಿ ಬಂದವನಿಗೆ ಗಿಜಿಗಿಜಿ ಕಾಣುವುದಿಲ್ಲ, ಅವನು ತನಗೆ ಗೊತ್ತಿರುವ ಒಂದು ಸಾಲು ಓದಿ ಹತ್ತಿ ಹೋಗುತ್ತಾನೆ.

ನಿಮ್ಮ ಮಾವನವರ ಮಾತಿಗೆ ಬರೋಣ. ಹಳೆಯ ಮನೆಯ ಹಂಚನ್ನು ನಾನು ಮನಸಾರೆ ಹೊಗಳುತ್ತೇನೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮಾಡುಗಳ ರೂಪವೇ ಬದಲಾಯಿತು. ಗಾರೆ ಬೇಡ, ಮೊಳೆ ಬೇಡ, ಒಂದರ ತೋಡಿಗೆ ಇನ್ನೊಂದರ ಏಣು ಕೂತರೆ ಆಯಿತು. ಒಡೆದರೆ ಅದೊಂದನ್ನು ಎಳೆದು ಬೇರೆ ತೂರಿಸಬಹುದು, ಪಕ್ಕದ ಹಂಚಿಗೆ ಗೊತ್ತೂ ಆಗುವುದಿಲ್ಲ. ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ಮುಂಚೆ ಒಂದು ದಿನ ಮಾಡಿಗೆ ಹತ್ತಿ ನೋಡಿಕೊಂಡರೆ ಆ ವರ್ಷಕ್ಕೆ ಸಾಕಾಗುತ್ತಿತ್ತು.

ಆದರೆ ಹಂಚು ಹೊರುವ ಮರದ ಪಕ್ಕಾಸು ರೀಪಿಗೆ ಒರಲೆ (ಗೆದ್ದಲು) ಹಿಡಿಯುವುದು, ಮಂಗ ಹಾರಿ ಸಾಲುಸಾಲು ಹಂಚು ಜಾರುವುದು, ಅಟ್ಟದಿಂದ ದಿನಾ ಉದುರುವ ಧೂಳು, ಇವನ್ನು ಮಾವನವರು ಲೆಕ್ಕಕ್ಕೆ ಹಿಡಿದಿಲ್ಲ. ಮಾಡಿಗೆ ಹತ್ತುವವರು ಈಗ ಎಷ್ಟು ಮಂದಿ ಸಿಗುತ್ತಾರೆ? ಸೆಗಣಿ ಸಾರಿಸಿದ ನೆಲ ಕಾಲಿಗೆ ತಂಪು, ಹೌದು. ವಾರಕ್ಕೆ ಎಷ್ಟು ಬಾರಿ ಯಾರು ಬಗ್ಗಿ ಸಾರಿಸಿದರು? ಕಂಚು ಹಿತ್ತಾಳೆಯ ಪಾತ್ರೆ ಬಾಳಿಕೆಯದು, ಹುಣಸೆಹುಳಿ ಬೂದಿ ಹಾಕಿ ತಿಕ್ಕಿದ ಕೈ ಯಾರದು? ಕಡೆಯುವ ಕಲ್ಲಿನಲ್ಲಿ ಒಂದೂ ತಿರುಪು ಇಲ್ಲ, ಮಿಕ್ಸಿಯ ಹೊಟ್ಟೆಯಲ್ಲಿ ನೂರು ಬಿಡಿಭಾಗ. ಆದರೂ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಹೊರಡಿಸುವ ಹೆಂಗಸಿಗೆ ಮಿಕ್ಸಿಯೇ ಸರಳ, ಇದರಲ್ಲಿ ನನಗೆ ಅನುಮಾನವಿಲ್ಲ. ಹಿಂದಿನವರ ಸರಳ ಬದುಕು ಎಂದು ನಾವು ಹಾಡಿ ಹೊಗಳುವುದರಲ್ಲಿ ದೊಡ್ಡ ಪಾಲು ಮನೆಯ ಹೆಂಗಸರ, ತೋಟದ ಆಳುಗಳ ಬೆನ್ನಿನ ಮೇಲೆ ನಿಂತಿತ್ತು. ನೀವು ಎರಡೂ ಸರಳವಲ್ಲ ಅಂದದ್ದು ಇದಕ್ಕೇ ಇರಬೇಕು.

ಹಾಗಾದರೆ ಕಡಿಮೆ ಮಾಡುವುದೇ ಬೇಡವೇ? ಬೇಕು. ಜರ್ಮನಿಯ ಡೀಟರ್ ರಾಮ್ಸ್ ಬ್ರೌನ್ ಕಂಪನಿಗೆ ರೇಡಿಯೋ, ಗಡಿಯಾರ, ಕ್ಷೌರದ ಯಂತ್ರಗಳನ್ನು ವಿನ್ಯಾಸ ಮಾಡಿದವರು. ಒಳ್ಳೆಯ ವಿನ್ಯಾಸಕ್ಕೆ ಅವರು ಕೊಟ್ಟ ಹತ್ತು ಸೂತ್ರಗಳು ಲೋಕಪ್ರಸಿದ್ಧ. ಆದಷ್ಟು ಕಡಿಮೆ ವಿನ್ಯಾಸ ಎಂಬ ಸೂತ್ರ ಅದರಲ್ಲಿ ಹತ್ತನೆಯದು, ಕೊನೆಯದು. ಅದಕ್ಕೆ ಮೊದಲು ಉಪಯೋಗವಿರಲಿ, ನೋಡಿದರೆ ಅರ್ಥವಾಗಲಿ, ಪ್ರಾಮಾಣಿಕವಾಗಿರಲಿ, ಬಾಳಿಕೆ ಬರಲಿ, ಸಣ್ಣ ವಿವರವೂ ಕೆಡದಿರಲಿ ಎಂದೆಲ್ಲ ಬರುತ್ತದೆ. ಈಗಿನ ಮಿನಿಮಲ್ ಮನೆಗಳು ಮೊದಲ ಒಂಬತ್ತನ್ನು ಹಾರಿ ನೇರ ಹತ್ತಕ್ಕೆ ಬಂದವು.

ಹಿಡಿ ಇಲ್ಲದ ಕಪಾಟನ್ನೇ ತೆಗೆದುಕೊಳ್ಳಿ. ಒತ್ತಿದರೆ ತೆರೆಯಲಿ ಎಂದು ಒಳಗೆ ಸ್ಪ್ರಿಂಗು ಇಡುತ್ತಾರೆ. ನಮ್ಮ ಆಟಿಯ ತೇವಕ್ಕೆ ಪ್ಲೈವುಡ್ಡು ಉಬ್ಬುತ್ತದೆ, ಬಾಗಿಲು ಬಿಗಿಯುತ್ತದೆ, ಸ್ಪ್ರಿಂಗು ಸೋಲುತ್ತದೆ. ತೆಂಗಿನೆಣ್ಣೆಯ ಕೈಯಲ್ಲಿ ಒತ್ತಿದ ಗುರುತು ಬಿಳಿ ಹಲಗೆಯ ಮೇಲೆ ಉಳಿಯುತ್ತದೆ. ಮಾವನವರ ಪ್ರಾಯದವರಿಗೆ ಎಲ್ಲಿ ಒತ್ತಬೇಕೆಂದೇ ತಿಳಿಯುವುದಿಲ್ಲ. ಒಂದು ಹಿಡಿ ಇದ್ದಿದ್ದರೆ ಇಲ್ಲಿ ಹಿಡಿದು ಎಳೆ ಎಂದು ಅದೇ ಹೇಳುತ್ತಿತ್ತು.

ಸ್ವಿಚ್ಚಿನ ಹಲಗೆ ಇನ್ನೂ ಕಷ್ಟ. ಒಂದೇ ಸಾಲಿನಲ್ಲಿ ಒಂದೇ ನಮೂನೆಯ ಎಂಟು ಸ್ವಿಚ್ಚು. ಫೋಟೋದಲ್ಲಿ ಬಹಳ ಅಚ್ಚುಕಟ್ಟು. ಮನೆಯವರೂ ವರ್ಷಗಟ್ಟಲೆ ಮೂರು ಒತ್ತಿ ನಾಲ್ಕನೆಯದರಲ್ಲಿ ಫ್ಯಾನು ತಿರುಗಿಸುತ್ತಾರೆ. ಡೊನಾಲ್ಡ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲೇ ಗ್ಯಾಸ್ ಒಲೆಯ ಉದಾಹರಣೆ ಕೊಟ್ಟು ಇದನ್ನು ವಿವರಿಸಿದರು. ನಾಲ್ಕು ಒಲೆ ಚೌಕಾಕಾರದಲ್ಲಿದ್ದು ನಾಲ್ಕು ತಿರುಗಣೆ ನೇರ ಸಾಲಿನಲ್ಲಿದ್ದರೆ ಯಾವುದು ಯಾವುದರದ್ದೆಂದು ಬಾಯಿಪಾಠ ಮಾಡಬೇಕು, ತಿರುಗಣೆಯನ್ನೂ ಒಲೆಯ ಕ್ರಮದಲ್ಲೇ ಇಟ್ಟರೆ ಬಾಯಿಪಾಠ ಬೇಡ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಹೇಳಿ: ಕೋಣೆಯಲ್ಲಿ ದೀಪಗಳು ಯಾವ ಕ್ರಮದಲ್ಲಿವೆಯೋ ಸ್ವಿಚ್ಚುಗಳೂ ಅದೇ ಕ್ರಮದಲ್ಲಿರಲಿ, ಫ್ಯಾನಿನದ್ದು ಸ್ವಲ್ಪ ದೂರವಿರಲಿ, ಅಂಗಳದ ದೀಪದ್ದು ಬಾಗಿಲ ಪಕ್ಕ ಒಂಟಿಯಾಗಿರಲಿ. ಇದಕ್ಕೆ ಒಂದು ರೂಪಾಯಿ ಹೆಚ್ಚು ಬೀಳುವುದಿಲ್ಲ.

ಅಲಂಕಾರ ತೆಗೆದರೆ ಖರ್ಚು ಇಳಿಯುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬಾಗಿಲ ಸುತ್ತಿನ ಪಟ್ಟಿ, ಗೋಡೆಯ ಬುಡದ ಪಟ್ಟಿ ಇವೆಲ್ಲ ಎರಡು ವಸ್ತು ಕೂಡುವಲ್ಲಿನ ಸಂದು ಮುಚ್ಚಲು ಬಂದವು. ಅವನ್ನು ತೆಗೆದರೆ ಮೇಸ್ತ್ರಿಯ ಕೈ ಕೂದಲೆಳೆಯಷ್ಟೂ ತಪ್ಪಬಾರದು. ವೇಷವಿಲ್ಲ, ಕುಣಿತವಿಲ್ಲ, ಬರೇ ಮಾತು ಎಂದ ಮಾತ್ರಕ್ಕೆ ತಾಳಮದ್ದಳೆ ಯಕ್ಷಗಾನ ಬಯಲಾಟಕ್ಕಿಂತ ಸುಲಭವೇನಲ್ಲವಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಕೂತಾಗ ಬೋಳು ವೇದಿಕೆ ತುಂಬುತ್ತಿತ್ತು, ಅಷ್ಟು ಓದು ಇಲ್ಲದವರು ಕೂತರೆ ಬೋಳು ಬೋಳಾಗಿಯೇ ಉಳಿಯುತ್ತದೆ. ನಿಮಗೆ ಸಿಗುವ ಮೇಸ್ತ್ರಿ ಯಾರು ಎಂದು ನೋಡಿಕೊಂಡು ಪಟ್ಟಿ ಬೇಡ ಅನ್ನಿ.

ಎಲ್ಲಿ ತೆಗೆಯಬಹುದು ಎಂಬುದಕ್ಕೆ ನನಗೆ ತುಂಬ ಇಷ್ಟದ ಪಾಠ ಲಾರಿ ಬೇಕರ್ ಅವರದು. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ಈ ವಾಸ್ತುಶಿಲ್ಪಿ (1917–2007) ಕೇರಳದಲ್ಲಿ ಕಡಿಮೆ ಖರ್ಚಿನ ಕಟ್ಟಡಗಳಿಗೆ ಹೆಸರಾದವರು. ಕಾಂಕ್ರೀಟಿನ ಚಪ್ಪಡಿ ಭಾರಕ್ಕೆ ಬಾಗಿದಾಗ ಮೇಲಿನ ಪದರ ಒತ್ತಿಕೊಳ್ಳುತ್ತದೆ, ಕೆಳಗಿನ ಪದರ ಎಳೆದುಕೊಳ್ಳುತ್ತದೆ. ಒತ್ತಡ ತಾಳುವುದು ಕಾಂಕ್ರೀಟಿನ ಗುಣ, ಎಳೆತ ತಾಳುವ ಶಕ್ತಿ ಅದಕ್ಕೆ ಇಲ್ಲವೆಂದೇ ಹೇಳಬೇಕು. ಎಳೆತ ಹೊರುವುದು ಒಳಗಿನ ಕಬ್ಬಿಣ. ಅಂದಮೇಲೆ ಕೆಳಭಾಗದಲ್ಲಿ ಕಬ್ಬಿಣದ ನಡುವೆ ತುಂಬಿದ ಕಾಂಕ್ರೀಟು ಬರೇ ತೂಕ. ಬೇಕರ್ ಆ ಜಾಗಕ್ಕೆ ಹಳೆಯ ಮಂಗಳೂರು ಹಂಚು ಇಟ್ಟರು. ಕಾಂಕ್ರೀಟು ಉಳಿಯಿತು, ಚಪ್ಪಡಿ ಹಗುರಾಯಿತು, ಭಾರ ಇಳಿದದ್ದರಿಂದ ಕಬ್ಬಿಣವೂ ಕಡಿಮೆ ಸಾಕಾಯಿತು. ಕೆಳಗಿನಿಂದ ನೋಡಿದರೆ ಹಂಚಿನ ಸಾಲು ಚಂದ ಬೇರೆ. ಯಾವ ಭಾಗ ಕೆಲಸ ಮಾಡುತ್ತಿಲ್ಲ ಎಂದು ತಿಳಿದವರು ಮಾತ್ರ ಹೀಗೆ ತೆಗೆಯಬಲ್ಲರು. ಗೋಡೆಯಿಂದ ಹೊರಚಾಚಿದ ಚಪ್ಪಡಿಯಲ್ಲಿ ಎಳೆತ ಮೇಲ್ಭಾಗಕ್ಕೆ ಬರುತ್ತದೆ, ಅಲ್ಲಿ ಕೆಳಗಿನ ಕಾಂಕ್ರೀಟೇ ದುಡಿಯುತ್ತಿರುತ್ತದೆ. ಆದ್ದರಿಂದ ಈ ಪದ್ಧತಿ ಬೇಕೆನಿಸಿದರೆ ಲೆಕ್ಕ ಬಲ್ಲ ಎಂಜಿನಿಯರ್ ಜೊತೆಗಿರಲಿ, ನೋಡಿ ಕಲಿತದ್ದು ಸಾಲದು.

ತೆಗೆಯುವುದು ನಮಗೆ ಸುಲಭಕ್ಕೆ ಹೊಳೆಯುವುದೂ ಇಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲೆಗೊ ಇಟ್ಟಿಗೆಯ ಆಟಿಕೆ ಕಟ್ಟಡ, ಮಾಡು ಒಂದೇ ಮೂಲೆಯ ಒಂದೇ ತುಂಡಿನ ಮೇಲೆ ನಿಂತಿದೆ. ಗಟ್ಟಿ ಮಾಡಿ ಎಂದರೆ ಹೆಚ್ಚಿನವರು ದುಡ್ಡು ತೆತ್ತು ಇನ್ನಷ್ಟು ಇಟ್ಟಿಗೆ ಸೇರಿಸಲು ಹೊರಟರು. ಆ ಒಂದು ತುಂಡು ತೆಗೆದರೆ ಮಾಡು ತಾನಾಗಿ ಕೆಳಗಿನ ಗೋಡೆಯ ಮೇಲೆ ಕೂರುತ್ತಿತ್ತು. ತೆಗೆಯಲು ದುಡ್ಡಿಲ್ಲ ಎಂದು ಬಾಯಿಬಿಟ್ಟು ನೆನಪಿಸಿದಾಗ ತೆಗೆದವರ ಸಂಖ್ಯೆ ಏರಿತು. ಆದ್ದರಿಂದ ಮಗನ ನಕ್ಷೆ ಮುಂದಿಟ್ಟುಕೊಂಡು ಒಂದೊಂದು ಕೋಣೆಗೂ ಇದಿಲ್ಲದಿದ್ದರೆ ಏನು ನಿಲ್ಲುತ್ತದೆ ಎಂದು ಬಾಯಿಬಿಟ್ಟೇ ಕೇಳಿ. ಮೂರನೆಯ ಬಚ್ಚಲು, ವರ್ಷಕ್ಕೆ ಎರಡು ದಿನ ಬರುವ ನೆಂಟರ ಕೋಣೆ, ಇವು ಹೋಗಬಹುದು. ಸೂರು ಹೋಗಲಾರದು.

ಸಾಮಾನಿನ ಪ್ರಶ್ನೆ ಉಳಿಯಿತು. ಕಡಿಮೆ ಸಾಮಾನು ಇಟ್ಟುಕೊಳ್ಳಿ ಎಂಬ ಉಪದೇಶ ಹುಟ್ಟಿದ್ದು ಪೇಟೆಯ ಸಣ್ಣ ಫ್ಲ್ಯಾಟುಗಳಲ್ಲಿ. ಬೆಂಗಳೂರಿನಲ್ಲಿ ನಿಮ್ಮ ಮಗನ ಮನೆ ಖಾಲಿಯಾಗಿ ಕಾಣುತ್ತದೆ, ಏಕೆಂದರೆ ಅವನ ಉಗ್ರಾಣ ಕೆಳಗಿನ ರಸ್ತೆಯ ಅಂಗಡಿಯಲ್ಲಿದೆ. ರಾತ್ರಿ ಒಂಬತ್ತಕ್ಕೆ ನಲ್ಲಿಯ ವಾಷರು ಬೇಕೆಂದರೂ ಯಾರೋ ಬೈಕಿನಲ್ಲಿ ತಂದು ಕೊಡುತ್ತಾರೆ. ತೋಟದ ನಡುವೆ ಇರುವ ನಿಮಗೆ ಹಗ್ಗದ ತುಂಡು, ಮಿಕ್ಕ ಹಂಚು, ಅರ್ಧ ಉದ್ದದ ಪೈಪು, ಬೇರೆ ಬೇರೆ ಅಳತೆಯ ಮೊಳೆಯ ಡಬ್ಬ ಇವೆಲ್ಲ ಕಸವಲ್ಲ. ಮಳೆಗೆ ರಸ್ತೆ ಕಡಿದ ದಿನ ಮನೆ ನಡೆಯುವುದು ಅವುಗಳಿಂದ. ಹೊಸ ಮನೆಯಲ್ಲಿ ಒಂದು ಒಳ್ಳೆಯ ಉಗ್ರಾಣದ ಕೋಣೆ ಮಾಡಿಸಿ, ಗಾಳಿ ಆಡುವಂತೆ, ಕೈಗೆ ಎಟಕುವ ಹಲಗೆಗಳೊಂದಿಗೆ. ಹಳೆಯ ಅಟ್ಟದ ಕತ್ತಲೆಯೊಳಗೆ ಏನಿದೆಯೆಂದು ಮರೆತದ್ದೇ ತೊಂದರೆಯಾಗಿತ್ತು.

ಕಡಿಮೆ ಮಾಡುವುದಿದ್ದರೆ ನಿಮ್ಮ ಗಮನ ಬೇಡುವವನ್ನು ಮೊದಲು ಕಡಿಮೆ ಮಾಡಿ. ಗೋಡೆಗೆ ಒರಗಿಸಿಟ್ಟ ಹಳೆಯ ಕುರ್ಚಿ ಏನೂ ಕೇಳುವುದಿಲ್ಲ. ನಾಲ್ಕು ಬ್ಯಾಂಕಿನ ಖಾತೆ ಕೇಳುತ್ತವೆ, ಪ್ರತಿಯೊಂದಕ್ಕೂ ಕೆವೈಸಿ, ಪಾಸ್‌ವರ್ಡು, ಬರುವ ಸಂದೇಶ ನಿಜವೋ ಮೋಸವೋ ಎಂಬ ಹೆದರಿಕೆ. ಎರಡನ್ನು ಮುಚ್ಚಿ. ಮಾವನವರ ಮಾತ್ರೆಗಳನ್ನು ಹೊತ್ತಿಗೊಂದರಂತೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಡಬ್ಬಿಯ ಸಂಖ್ಯೆ ಹೆಚ್ಚುತ್ತದೆ, ನಿಮ್ಮ ತಲೆಬಿಸಿ ಇಳಿಯುತ್ತದೆ.

ನಕ್ಷೆಗೆ ನನ್ನ ಸಲಹೆ ಹೀಗಿದೆ. ಇಳಿಜಾರು ಮಾಡೇ ಇರಲಿ. ಮರದ ಪಕ್ಕಾಸಿನ ಬದಲು ಕಬ್ಬಿಣದ ಕೊಳವೆ, ಕೆಳಗೆ ಸೀಲಿಂಗ್ ಹಂಚು, ಮೇಲೆ ನಿಮ್ಮ ಹಳೆಯ ಮನೆಯ ಗಟ್ಟಿ ಹಂಚುಗಳನ್ನೇ ತೊಳೆದು ಬಳಸಿ. ಒರಲೆಯ ಕಾಟ ತಪ್ಪುತ್ತದೆ, ಧೂಳು ಬಹಳ ಇಳಿಯುತ್ತದೆ, ಹಂಚು ಬದಲಿಸುವ ಸುಲಭ ಉಳಿಯುತ್ತದೆ. ನೆಲಕ್ಕೆ ಒಂದು ಒರೆಸಿಗೆ ಸ್ವಚ್ಛವಾಗುವ, ಒದ್ದೆಯಲ್ಲಿ ಜಾರದ ಯಾವುದಾದರೂ ಆದೀತು, ಬಿಳಿಯದು ಮಾತ್ರ ಬೇಡ, ಕೆಂಪು ಮಣ್ಣಿನ ಊರು ನಮ್ಮದು. ಬಿಳಿ ಗೋಡೆ ಒಳಗಿರಲಿ, ಬೆಳಕು ಚೆನ್ನಾಗಿ ಹರಡುತ್ತದೆ, ಮಗನಿಗೂ ಸಂತೋಷ. ಹೊರಗೆ ಒಳ್ಳೆಯ ಮುರಕಲ್ಲು ಸಿಕ್ಕರೆ ಸಾರಣೆಯೇ ಇಲ್ಲದೆ ಸಂದು ತುಂಬಿಸಿ ಬಿಡಿ, ಸೂರು ಇದ್ದರೆ ಸಾಕಾಗುತ್ತದೆ. ಅಲ್ಲಿ ಬಣ್ಣದ ಖರ್ಚೇ ಹೋಯಿತು.

ಪೈಪನ್ನು ಗೋಡೆಯೊಳಗೆ ಹುದುಗಿಸುವುದಕ್ಕೆ ನಾನು ಒಪ್ಪುವುದಿಲ್ಲ. ಅಡುಗೆಮನೆಯೂ ಬಚ್ಚಲೂ ಒಂದೇ ಗೋಡೆಗೆ ಬೆನ್ನು ಕೊಡಲಿ, ಆ ಗೋಡೆಯ ಹೊರಬದಿಯಲ್ಲಿ ಸೂರಿನಡಿ ಪೈಪುಗಳು ಕಾಣುವಂತೆಯೇ ಇಳಿಯಲಿ. ಸೋರಿದರೆ ಅದೇ ದಿನ ಕಣ್ಣಿಗೆ ಬೀಳುತ್ತದೆ. ಗೋಡೆ ಒದ್ದೆಯಾದರೆ ಮೊದಲು ಮಾಡಿನ ನೀರು ಹರಿಯುವ ದಂಬೆಯಲ್ಲಿ ಎಲೆ ಕಟ್ಟಿದೆಯೇ ನೋಡಿ, ಆಮೇಲೆ ಪೈಪಿನ ಸಂದು. ವಾಟರ್‌ಪ್ರೂಫಿಂಗಿನವರಿಗೆ ಫೋನು ಮಾಡುವುದು ಕೊನೆಗೆ. ವಯರು ಹೇಗೂ ಗೋಡೆಯೊಳಗೇ ಹೋಗುತ್ತದೆ. ಸಾರಣೆ ಹಾಕುವ ಹಿಂದಿನ ದಿನ ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಕಾಣುವಂತೆ ಫೋಟೋ ತೆಗೆಯಿರಿ. ಮೊಬೈಲಿನಲ್ಲಿ ಮಾತ್ರ ಇಟ್ಟರೆ ಕಳೆದುಹೋಗುತ್ತದೆ. ಪ್ರಿಂಟು ಹಾಕಿಸಿ ಮೀಟರಿನ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿ, ಮುಂದೆ ಗೋಡೆಗೆ ಮೊಳೆ ಹೊಡೆಯುವವರು ಯಾರಾದರೂ ಸರಿ, ಮೊದಲು ಅದನ್ನು ನೋಡಲಿ.